ಮೂರು ರೊಟ್ಟಿ ಕೇಳೋದನ್ನು ಕಲಿತದ್ದು

"ಸ್ವಾಮಿ ಕಡೆ ಏನ್ ಕೇಳೂಣು? ಸರಿಯಾಗಿ ಹೇಳವಾ."

2022ರ ಆಗಸ್ಟ್ ತಿಂಗಳ ಒಂದು ಗುರುವಾರ ಸಂಜೆ ನಮ್ಮ ಮನೆಕೂಟದಲ್ಲಿ, ಕೂಟಕ್ಕೆ ಬರುವ ಅಜ್ಜಿಯೊಬ್ಬರು ನನಗೆ ಕೇಳಿದ ಮಾತಿದು. ನಾನು ಆಗಷ್ಟೇ, "ನನ್ನ ತಮ್ಮಗ ಆರಾಮ ಇಲ್ಲ, ಎಲ್ಲಾರೂ ಪ್ರಾರ್ಥನಾ ಮಾಡ್ರಿ" ಅಂದಿದ್ದೆ. ಅಷ್ಟು ಹೇಳಿದರೆ ಸಾಕು ಅಂದುಕೊಂಡಿದ್ದೆ. ವರ್ಷಗಟ್ಟಲೆ ನಾವು ಮಾಡಿಕೊಂಡು ಬಂದದ್ದೂ ಅದೇ. ಒಬ್ಬರು ವಿಷಯ ಹೇಳೋದು. ಇನ್ನೊಬ್ಬರು ಕಣ್ಣು ಮುಚ್ಚಿ, "ಕರ್ತನೇ, ನಿನ್ನ ಚಿತ್ತವಿದ್ದರೆ ಒಳ್ಳೇದು ಮಾಡು" ಅನ್ನೋದು. ಎಲ್ಲರೂ ಆಮೆನ್. ಆಮೇಲೆ ಚುರುಮುರಿ, ಚಹಾ.

ಅಜ್ಜಿ ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದನ್ನು ಹೇಳೋಕೆ ಭಯ. ನನ್ನ ತಮ್ಮನಿಗೆ ಆಗ 38 ವರ್ಷ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಕಾಲು ಬಾವು ಬರುತ್ತಿದೆ, ಊಟ ಸೇರುತ್ತಿಲ್ಲ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ 9.8 ಬಂದಿತ್ತು. ಒಂದರ ಆಚೀಚೆ ಇರಬೇಕಾದದ್ದು. ಬಿಪಿ ಜಾಸ್ತಿ ಇದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಎರಡೂ ಕಿಡ್ನಿ ಹೋಗಿವೆ, ಡಯಾಲಿಸಿಸ್ ಶುರು ಮಾಡಲೇಬೇಕು ಅಂದಿದ್ದರು ಡಾಕ್ಟರು.

ನನಗೆ ಬೇಕಾದದ್ದು ಅವನು ಬದುಕೋದು. ಅದನ್ನು ನಾಲ್ಕು ಜನರ ಮುಂದೆ ದೇವರ ಹತ್ತಿರ ಕೇಳಿ, ಸಿಗದೇ ಹೋದರೆ? ಆಗ ನನ್ನ ನಂಬಿಕೆ ಏನಾಗಬೇಕು? ಇಷ್ಟು ವರ್ಷ "ಚಿತ್ತವಿದ್ದರೆ" ಅನ್ನುತ್ತಿದ್ದದ್ದು ದೇವರ ಮೇಲಿನ ಗೌರವದಿಂದ ಅಂತ ತಿಳಿದಿದ್ದೆ. ಆ ಮಾತಿನ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದೆ ಅಂತ ಆವತ್ತು ತಿಳಿಯಿತು.

ನಾವಿರೋದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಮನೆಕೂಟದಲ್ಲಿ ಆಗ ಎಂಟು ಜನ. ಅಜ್ಜಿ, ಒಬ್ಬ ನರ್ಸ್ ಅಕ್ಕ, ಮಗ್ಗದ ಕಾಕಾ ಮತ್ತು ಕಾಕು, ರೈಲ್ವೆಯಲ್ಲಿರುವ ಅಣ್ಣ, ಅವರ ಮನೆಯವರು, ಐಟಿಐ ಓದುವ ಒಬ್ಬ ಹುಡುಗ, ಮತ್ತೆ ಶಾಲೆಯಲ್ಲಿ ಪಾಠ ಹೇಳುವ ನಾನು. ಮನೆಯಲ್ಲಿ ಕೂಡಿ ಪ್ರಾರ್ಥನೆ ಮಾಡೋದು ಇತ್ತೀಚೆಗೆ ಬಂದ ರೂಢಿ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1841ರ ಹೊತ್ತಿಗೆ ಬೆಟಗೇರಿ. ಅವರಲ್ಲಿ ಎಷ್ಟೋ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಹಳ್ಳಿಗಳವರು. ಆ ಹಳ್ಳಿಗಳಲ್ಲಿ ಸಂಜೆ ಹೊತ್ತು ಯಾರದಾದರೂ ಮನೆಯಲ್ಲಿ ಕೂತು ಸತ್ಯವೇದ ಓದಿ ಪ್ರಾರ್ಥನೆ ಮಾಡುವ ರೂಢಿ ಮೊದಲಿನಿಂದ ಇತ್ತು. ಅದನ್ನು ಅವರು ಸುಮ್ನೆ "ಷ್ಟುಂಡೆ" ಅನ್ನುತ್ತಿದ್ದರು. ಅಂದರೆ ಗಂಟೆ, ತಾಸು. ನಮ್ಮ ಅಜ್ಜಿ ಕೂಡ ಮನೆಕೂಟಕ್ಕೆ "ತಾಸಿಗೆ ಹೋಗಿ ಬರ್ತೀನಿ" ಅಂತಲೇ ಹೊರಡುತ್ತಿದ್ದರು. ಆ ಮಾತು ಎಲ್ಲಿಂದ ಬಂತೋ ಅವರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಅದನ್ನು ಕೇಳಿದರೆ ಖುಷಿ.

ಮುಂದಿನ ವಾರ ಲೂಕನ ಸುವಾರ್ತೆಯ 11ನೇ ಅಧ್ಯಾಯ ಓದಿದೆವು. ನಡುರಾತ್ರಿ ಗೆಳೆಯನ ಬಾಗಿಲು ತಟ್ಟಿದವನ ಕಥೆ. ಇವನ ಮನೆಗೆ ದಾರಿ ನಡೆದು ದಣಿದ ಒಬ್ಬ ಸ್ನೇಹಿತ ಬಂದಿದ್ದಾನೆ. ಬಡಿಸೋಕೆ ಏನೂ ಇಲ್ಲ. ಪಕ್ಕದವನ ಬಾಗಿಲಿಗೆ ಹೋಗಿ ಮೂರು ರೊಟ್ಟಿ ಕಡ ಕೇಳುತ್ತಾನೆ. ಒಳಗಿನವನು, ಬಾಗಿಲು ಹಾಕಿದ್ದೇನೆ, ಮಕ್ಕಳು ನನ್ನ ಹತ್ತಿರ ಮಲಗಿವೆ, ಏಳೋಕಾಗಲ್ಲ ಅನ್ನುತ್ತಾನೆ. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಆವತ್ತು ಕೂಟ ಇದ್ದದ್ದು ಮಗ್ಗದ ಕಾಕಾರ ಮನೆಯಲ್ಲಿ. ಒಂದೇ ಕೋಣೆ. ಅರ್ಧ ಜಾಗ ಮಗ್ಗಕ್ಕೆ. ಮಗ್ಗದ ಕುಣಿ ಬಿಟ್ಟು ಉಳಿದ ಜಾಗದಲ್ಲಿ ರಾತ್ರಿ ಐದು ಜನ ಮಲಗಬೇಕು. ಕಾಕು ನಕ್ಕು, "ನಮ್ಮನ್ಯಾಗ ರಾತ್ರಿ ಯಾರರ ಎದ್ದು ಬಾಗಲಾ ತಗೀಬೇಕಂದ್ರ ಮೂರು ಮಂದಿನ್ನ ತುಳ್ಕೊಂತ ಬರಬೇಕು ನೋಡ್ರಿ" ಅಂದರು. ಆ ಗೆಳೆಯ ಯಾಕೆ ಏಳಲ್ಲ ಅಂದನೋ ಆಗ ಅರ್ಥ ಆಯಿತು.

ಆಗ ನರ್ಸ್ ಅಕ್ಕ ಒಂದು ಮಾತು ಹೇಳಿದರು. "ಅಂವಾ ಎಷ್ಟು ಕೇಳ್ದ ನೋಡ್ರಿ. ಮೂರು. ಏನರ ಕೊಡಪಾ ಅನ್ಲಿಲ್ಲ. ಎಣಿಸ್ಕೊಂಡ ಹೋಗ್ಯಾನ." ಅದೂ ತನಗಾಗಿ ಅಲ್ಲ, ಮನೆಗೆ ಬಂದವನಿಗಾಗಿ. ನಮ್ಮ ಕೂಟದ ಕೆಲಸ ಅದೇ ಅಲ್ವಾ? ಇನ್ನೊಬ್ಬರ ಹಸಿವಿಗಾಗಿ ಬಾಗಿಲು ತಟ್ಟೋದು.

ನಮ್ಮ ಸಭಾಪಾಲಕರು ಆಮೇಲೆ ಒಂದು ದಿನ ಬಂದಾಗ ಇದರ ಬಗ್ಗೆ ಕೇಳಿದೆ. ಅವನು ಎದ್ದು ಕೊಟ್ಟದ್ದು ಯಾವುದರಿಂದ ಅಂತ ಹೇಳೋಕೆ ಗ್ರೀಕ್ ಮೂಲದಲ್ಲಿ "ಅನೈದೆಯ" ಅನ್ನೋ ಶಬ್ದ ಇದೆಯಂತೆ. ನಾಚಿಕೆ ಬಿಟ್ಟು ಕೇಳೋದು ಅಂತ ಅರ್ಥ. ಅದರ ಮುಂದೆಯೇ ಬರುವ "ಬೇಡಿಕೊಳ್ಳಿರಿ, ಹುಡುಕಿರಿ, ತಟ್ಟಿರಿ" ಅನ್ನೋ ಮಾತುಗಳೂ ಮೂಲದಲ್ಲಿ ಒಂದು ಸಲ ಮಾಡಿ ಬಿಡುವ ಕೆಲಸದ ಹಾಗಿಲ್ಲ, ಬೇಡುತ್ತಾ ಇರಿ, ತಟ್ಟುತ್ತಾ ಇರಿ ಅನ್ನೋ ರೀತಿಯಲ್ಲಿವೆ ಅಂದರು. ನಾಚಿಕೆ ಬಿಟ್ಟು ಅನ್ನೋ ಮಾತು ನನ್ನೊಳಗೆ ಉಳಿಯಿತು. ನನಗೆ ಅಡ್ಡ ಬಂದಿದ್ದದ್ದು ನಾಚಿಕೆಯೇ.

ಮುಂದಿನ ಗುರುವಾರ ನಾನು ಹೇಳಿದೆ. "ನನ್ನ ತಮ್ಮ ಬದುಕಬೇಕು. ಅವನ ಮಗಳು ಈಗ ಎರಡನೇ ಕ್ಲಾಸು. ಅವಳ ಮದುವೇನ ಅವನು ನೋಡಬೇಕು. ಇದನ್ನ ಕೇಳ್ರಿ." ಹೇಳುವಾಗ ಧ್ವನಿ ನಡುಗಿತು. ರೈಲ್ವೆ ಅಣ್ಣ ಒಂದು 200 ಪುಟದ ನೋಟ್‌ಬುಕ್ ತಂದಿದ್ದರು. ಅದರಲ್ಲಿ ತಾರೀಕು ಹಾಕಿ, ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದರು. ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಟ್ಟರು.

ಪ್ರಾರ್ಥನೆ ಮಾಡುವ ರೀತಿಯೂ ನಿಧಾನಕ್ಕೆ ಬದಲಾಯಿತು. ಮೊದಲು ಒಬ್ಬೊಬ್ಬರೂ ಆದಿಯಿಂದ ಅಂತ್ಯದವರೆಗೆ ಹತ್ತು ನಿಮಿಷ ಪ್ರಾರ್ಥಿಸುತ್ತಿದ್ದರು. ನಮ್ಮ ಸರದಿ ಬರುವಷ್ಟರಲ್ಲಿ ಮುಂದೆ ಏನು ಹೇಳಬೇಕು ಅಂತ ಜೋಡಿಸಿಕೊಳ್ಳೋದೇ ಆಗುತ್ತಿತ್ತು, ಪಕ್ಕದವರ ಪ್ರಾರ್ಥನೆ ಕಿವಿಗೇ ಬೀಳುತ್ತಿರಲಿಲ್ಲ. ಈಗ ಒಂದು ವಿಷಯ ತಗೊಂಡರೆ ಅದು ಮುಗಿಯುವ ತನಕ ಎಲ್ಲರೂ ಅದರಲ್ಲೇ. ಒಬ್ಬರು ಎರಡು ವಾಕ್ಯ, ಇನ್ನೊಬ್ಬರು ಒಂದು ವಾಕ್ಯ. ನಡುವೆ ಸುಮ್ನೆ ಕೂತರೂ ನಡೆಯುತ್ತದೆ. ಐಟಿಐ ಹುಡುಗ ಮೊದಲ ಸಲ ಬಾಯಿ ಬಿಟ್ಟದ್ದು ಹಾಗೆಯೇ. "ಅಣ್ಣಗ ಸೂಜಿ ನೋಯಬಾರದು" ಅಂದ. ಅಷ್ಟೇ. ಅದಕ್ಕಿಂತ ದೊಡ್ಡ ಪ್ರಾರ್ಥನೆ ಆವತ್ತು ಯಾರೂ ಮಾಡಲಿಲ್ಲ.

ಪ್ರಾರ್ಥನೆಯೊಳಗೆ ಬುದ್ಧಿವಾದ ತುರುಕಬಾರದು ಅಂತಲೂ ಮಾತಾಯಿತು. "ಕರ್ತನೇ, ಈ ಸಹೋದರಿಗೆ ತಾಳ್ಮೆ ಕಲಿಸು" ಅಂತ ಕಣ್ಣು ಮುಚ್ಚಿಕೊಂಡು ಪಕ್ಕದವರಿಗೆ ಹೇಳೋದು ಪ್ರಾರ್ಥನೆ ಅಲ್ಲ. ಮತ್ತೆ, ಕೋಣೆಯೊಳಗೆ ಹೇಳಿದ್ದು ಹೊರಗೆ ಹೋಗಬಾರದು. ಇದನ್ನು ನೋವು ತಿಂದು ಕಲಿತೆವು. ಕೂಟಕ್ಕೆ ಕೆಲವು ವಾರ ಬಂದು ಹೋದ ಒಬ್ಬರ ಬಾಯಿಂದ ನನ್ನ ತಮ್ಮನ ಸಾಲದ ವಿಷಯ ಓಣಿಯಲ್ಲೆಲ್ಲ ಹರಡಿತು. ಅವನು ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟ. ಧೈರ್ಯದಿಂದ ಕೇಳಬೇಕಾದರೆ ಧೈರ್ಯವಾಗಿ ಹೇಳಿಕೊಳ್ಳುವ ಜಾಗ ಬೇಕು. ಆ ಜಾಗ ಒಡೆದರೆ ಎಲ್ಲರೂ ಮತ್ತೆ "ಆರೋಗ್ಯ ಸರಿ ಇಲ್ಲ, ಪ್ರಾರ್ಥನೆ ಮಾಡಿ" ಅನ್ನೋದಕ್ಕೇ ಹೋಗುತ್ತಾರೆ.

ಡಯಾಲಿಸಿಸ್ ವಾರಕ್ಕೆ ಮೂರು ದಿನ. ಒಂದೊಂದು ಸಲಕ್ಕೆ ನಾಲ್ಕು ತಾಸು. ಅವನಿಗೆ ಮಂಗಳವಾರ, ಗುರುವಾರ, ಶನಿವಾರ ಸಿಕ್ಕಿತು. ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಹೃದಯದಿಂದ ರಕ್ತ ತರುವ ನಾಳ ಮತ್ತು ಹೃದಯಕ್ಕೆ ವಾಪಸ್ ಒಯ್ಯುವ ನಾಳ ಎರಡನ್ನೂ ಸೇರಿಸಿ ಹೊಲಿಯೋದು. ಆ ಕೈಯಲ್ಲಿ ಬಿಪಿ ನೋಡುವಂತಿಲ್ಲ, ಇಂಜೆಕ್ಷನ್ ಚುಚ್ಚುವಂತಿಲ್ಲ. ಅದರ ಮೇಲೆ ಕೈಯಿಟ್ಟರೆ ಒಳಗೆ ಜುಮ್ ಅಂತ ಒಂದೇ ಸಮ ಮಿಡಿಯುತ್ತಿರುತ್ತದೆ. ಅಜ್ಜಿ ಅವನನ್ನು ನೋಡೋಕೆ ಮನೆಗೆ ಬಂದಾಗ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. "ಒಳಗ ಯಾರೋ ಮಗ್ಗಾ ಹೊಡದಂಗ ಐತಲ್ಲೋ" ಅಂದರು. ಅವತ್ತಿಂದ ನಮ್ಮ ಮನೆಯಲ್ಲಿ ಅದಕ್ಕೆ ಮಗ್ಗ ಅಂತಲೇ ಹೆಸರು. ಬೆಳಿಗ್ಗೆ ಎದ್ದ ಕೂಡಲೇ ಅವನ ಹೆಂಡತಿ ಕೈ ಮುಟ್ಟಿ ನೋಡೋದು, "ಮಗ್ಗ ನಡದೈತಿ" ಅನ್ನೋದು.

ನೀರು ಅಳೆದು ಕುಡೀಬೇಕು. ಏಪ್ರಿಲ್ ತಿಂಗಳ ಗದಗಿನ ಬಿಸಿಲಲ್ಲಿ ಇದು ಎಂಥ ಶಿಕ್ಷೆ ಅಂತ ಈ ಕಡೆಯವರಿಗೆ ಗೊತ್ತು. ಎಳನೀರು ಬಂದ್. ಬಾಳೆಹಣ್ಣು ಬಂದ್. ಬಾಯಿ ಒಣಗಿದರೆ ಒಂದು ಸಣ್ಣ ಐಸ್ ತುಂಡು ನಾಲಿಗೆ ಮೇಲೆ ಇಟ್ಟುಕೊಳ್ಳುತ್ತಿದ್ದ.

ನಾವು ಪ್ರತಿ ವಾರ ಅದೇ ಕೇಳುತ್ತಿದ್ದೆವು. ಅದೇ ಮಾತು, ಅದೇ ಹೆಸರು. ಆರು ತಿಂಗಳಾಯಿತು. ನೋಟ್‌ಬುಕ್ಕಿನ ಬೇರೆ ಸಾಲುಗಳ ಪಕ್ಕ ಏನಾದರೂ ಬರೆಯೋದು ಇರುತ್ತಿತ್ತು. ರೈಲ್ವೆ ಅಣ್ಣನ ವರ್ಗಾವಣೆ ನಿಂತಿತು. ಹುಡುಗ ಪಾಸಾದ. ಕಾಕಾರ ಮಗಳಿಗೆ ಹೆರಿಗೆ ಸುಸೂತ್ರ ಆಯಿತು. ನನ್ನ ಸಾಲಿನ ಮುಂದೆ ಮಾತ್ರ ಖಾಲಿ. ಅವರಿಗೆಲ್ಲ ಬೇಜಾರಾಗುತ್ತಿದೆಯೇನೋ, ನನ್ನ ವಿಷಯ ಬಂದಾಗ ಒಳಗೊಳಗೆ ಮತ್ತೆ ಇದೇನಾ ಅಂದುಕೊಳ್ಳುತ್ತಾರೇನೋ ಅಂತ ಅನಿಸತೊಡಗಿತು. "ಈ ವಾರ ನಂದೇನೂ ಇಲ್ರಿ" ಅಂದುಬಿಟ್ಟೆ ಒಂದು ಸಲ.

ಅಜ್ಜಿ ಬಿಡಲಿಲ್ಲ. ಲೂಕ 18ನೇ ಅಧ್ಯಾಯದ ವಿಧವೆಯ ಕಥೆ ತೆಗೆದರು. ದೇವರಿಗೆ ಹೆದರದ, ಮನುಷ್ಯರನ್ನು ಲೆಕ್ಕಕ್ಕಿಡದ ನ್ಯಾಯಾಧಿಪತಿಯ ಹತ್ತಿರ ದಿನಾ ಹೋಗಿ ನ್ಯಾಯ ಕೇಳಿದ ಹೆಂಗಸು. ಅವಳ ಹತ್ತಿರ ಲಂಚಕ್ಕೆ ದುಡ್ಡಿಲ್ಲ, ಪರವಾಗಿ ಮಾತಾಡೋ ಗಂಡಸಿಲ್ಲ. ಇದ್ದದ್ದು ಒಂದೇ, ಮತ್ತೆ ಮತ್ತೆ ಬರೋದು. ಕೊನೆಗೆ ಅವನಿಗೇ ಸಾಕಾಯಿತು.

"ಆ ಹೆಂಗಸು ಬ್ಯಾರೆ ಯಾರೂ ಅಲ್ಲ, ನಾನಽ" ಅಂದರು ಅಜ್ಜಿ. ಗಂಡ ತೀರಿಕೊಂಡ ಮೇಲೆ ವಿಧವಾ ವೇತನಕ್ಕಾಗಿ ಅವರು ಹನ್ನೊಂದು ತಿಂಗಳು ಒಂದು ಕಚೇರಿಗೆ ತಿರುಗಿದ್ದರಂತೆ. ಒಂದು ದಿನ ಈ ಕಾಗದ ಇಲ್ಲ, ಇನ್ನೊಂದು ದಿನ ಸಾಹೇಬರು ಇಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂರುತ್ತಿದ್ದರು. ಕೊನೆಕೊನೆಗೆ ಅಲ್ಲಿಯ ಜವಾನನೇ, "ಅವ್ವಾ, ಇವತ್ತರ ನಿಂದ ಆಗ್ಲಿ" ಅನ್ನುತ್ತಿದ್ದನಂತೆ. "ಅಂಥಾ ಸಾಹೇಬನ ಕಡೆ ಹನ್ನೊಂದು ತಿಂಗಳು ಹೋದಾಕಿ ನಾನು. ನಮ್ಮಪ್ಪನ ಕಡೆ ಹೋಗಾಕ ನಾಚಬೇಕೇನು? ಆರು ತಿಂಗಳಿಗೇ ಸಾಕಾತೇನು ನಿನಗ?"

ಯೇಸು ಸ್ವಾಮಿ ಆ ಕಥೆ ಹೇಳಿದ್ದು ದೇವರು ಆ ನ್ಯಾಯಾಧಿಪತಿಯ ಹಾಗಿದ್ದಾನೆ ಅಂತಲ್ಲ, ಹಾಗಿಲ್ಲ ಅಂತ. ಓದಿ ಗೊತ್ತಿತ್ತು. ಅಜ್ಜಿಯ ಬಾಯಲ್ಲಿ ಕೇಳಿದಾಗಲೇ ನನಗೆ ತಟ್ಟಿದ್ದು.

ಆದರೂ 2023ರ ಮಳೆಗಾಲದಲ್ಲಿ ನಾನು ಎರಡು ವಾರ ಹೋಗಲಿಲ್ಲ. ಯಾಕಂದರೆ ಅಷ್ಟರಲ್ಲಿ ದಾನಿಗಳ ಬಾಗಿಲು ಒಂದೊಂದೇ ಮುಚ್ಚಿತ್ತು. ಕಿಡ್ನಿ ಕಸಿಗೆ ಕಾನೂನು ಪ್ರಕಾರ ಹತ್ತಿರದ ಸಂಬಂಧಿಕರು ಕೊಡಬಹುದು. ತಮ್ಮನ ರಕ್ತದ ಗುಂಪು ಓ. ಓ ಗುಂಪಿನವರು ಯಾರಿಗಾದರೂ ಕೊಡಬಹುದು, ಆದರೆ ತಗೊಳ್ಳೋದು ಮಾತ್ರ ಓ ಗುಂಪಿನವರಿಂದಲೇ. ಅವ್ವನದು ಓ, ಆದರೆ ಸಕ್ಕರೆ ಕಾಯಿಲೆ. ಬೇಡ ಅಂದರು. ಅವನ ಹೆಂಡತಿಯದು ಎ. ನನ್ನದು ಬಿ. ರಿಪೋರ್ಟ್ ಕೈಯಲ್ಲಿ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಕೊಡೋಕೆ ತಯಾರಿದ್ದೆ. ನನ್ನ ರಕ್ತವೇ ಒಪ್ಪಲಿಲ್ಲ.

ಎರಡನೇ ವಾರದ ಗುರುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಏಳೂ ಜನ ನಿಂತಿದ್ದಾರೆ. ಮಳೆ ಬೇರೆ. ನಾನು, "ನನಗ ಪ್ರಾರ್ಥನಾ ಮಾಡಾಕ ಆಗಂಗಿಲ್ರಿ" ಅಂದೆ. ನರ್ಸ್ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, "ನೀ ಮಾಡಬ್ಯಾಡ. ನಾವು ಮಾಡ್ತೀವಿ. ನೀ ಚಾ ಮಾಡು" ಅಂದರು. ನಾನು ಅಡುಗೆಮನೆಯಲ್ಲಿ ನಿಂತೆ. ಹಾಲು ಕಾಯುವ ಸದ್ದಿನ ನಡುವೆ ನನ್ನ ತಮ್ಮನ ಹೆಸರು ಒಬ್ಬೊಬ್ಬರ ಬಾಯಲ್ಲಿ ಕೇಳಿಸುತ್ತಿತ್ತು. ಮಾರ್ಕನ ಸುವಾರ್ತೆಯಲ್ಲಿ ನಾಲ್ಕು ಜನ ಗೆಳೆಯರು ಛಾವಣಿ ಕಿತ್ತು ರೋಗಿಯನ್ನು ಹಾಸಿಗೆ ಸಮೇತ ಇಳಿಸುತ್ತಾರಲ್ಲ, ಆ ಹಾಸಿಗೆಯಲ್ಲಿ ಮಲಗಿದವನ ಹಾಗೆ ನಾನು ಅಂದು. ಅವನು ಏನು ಬೇಡಿಕೊಂಡ ಅಂತ ಅಲ್ಲಿ ಬರೆದಿಲ್ಲ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು.

ಅದೇ ದಿನಗಳಲ್ಲಿ ಇನ್ನೊಂದು ಆಯಿತು. ಬೇರೆ ಊರಿಂದ ಬಂದ ಒಬ್ಬ ಬೋಧಕರು ತಮ್ಮನ ತಲೆ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ, ನಂಬಿಕೆ ಇದ್ದರೆ ಇನ್ನು ಡಯಾಲಿಸಿಸ್‌ಗೆ ಹೋಗಬೇಡ, ಹೋದರೆ ಅದು ಅಪನಂಬಿಕೆ ಅಂದರು. ಅವನ ಹೆಂಡತಿ ಹೆದರಿ ನನಗೆ ಫೋನ್ ಮಾಡಿದಳು. ಒಂದು ಸಲ ತಪ್ಪಿದರೂ ನೀರು ಎದೆಗೆ ತುಂಬಬಹುದು, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ನರ್ಸ್ ಅಕ್ಕ ಆ ರಾತ್ರಿಯೇ ಅವರ ಮನೆಗೆ ಹೋಗಿ, "ನಾಳೆ ಬೆಳಿಗ್ಗೆ ನಾನಽ ಕರ್ಕೊಂಡ ಹೋಗ್ತೀನಿ" ಅಂದು, ಹಾಗೇ ಮಾಡಿದರು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಧೈರ್ಯದ ಪ್ರಾರ್ಥನೆ ಅಂದರೆ ಜೋರು ಧ್ವನಿ ಅಲ್ಲ. ದೇವರಿಗೆ ಅಪ್ಪಣೆ ಕೊಡೋದೂ ಅಲ್ಲ. ಕಾಯಿಲೆಯವನ ತಲೆ ಮೇಲೆ ನಂಬಿಕೆಯ ಹೊರೆ ಹೊರಿಸೋದಂತೂ ಅಲ್ಲವೇ ಅಲ್ಲ. ಯೇಸು ಸ್ವಾಮಿ ಕೂಡ ಗೆತ್ಸೇಮನೆ ತೋಟದಲ್ಲಿ ಒಂದೇ ಮಾತನ್ನು ಮೂರು ಸಲ ಕೇಳಿದ. ಬೇಕಾದದ್ದನ್ನು ಮುಚ್ಚಿಡದೆ ಹೇಳಿದ ಮೇಲೆ, ನಿನ್ನ ಚಿತ್ತದಂತೆ ಆಗಲಿ ಅಂದ. ನಾನು ಮಾತ್ರ ಇಷ್ಟು ವರ್ಷ ಮೊದಲನೇ ಮಾತು ಬಿಟ್ಟು ಎರಡನೇದನ್ನಷ್ಟೇ ಹೇಳುತ್ತಿದ್ದೆ.

ಮನೆಯವರಿಂದ ಆಗಲ್ಲ ಅಂದ ಮೇಲೆ ನಮಗೆ ಕಂಡದ್ದು ಒಂದೇ ದಾರಿ. ಮಿದುಳು ಸತ್ತವರ ಅಂಗ. ಕರ್ನಾಟಕದಲ್ಲಿ ಅದಕ್ಕೆ ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ನೋಂದಾಯಿಸಿದೆವು. ಆ ವಾರ ಕೂಟದಲ್ಲಿ ನಾನು ಎಂದಿನಂತೆ ಸರಿಯಾಗಿ ಕೇಳಬೇಕು ಅಂತ, "ಓ ಗುಂಪಿನ ಕಿಡ್ನಿ ಬೇಗ ಸಿಗಲಿ ಅಂತ ಕೇಳ್ರಿ" ಅಂದೆ.

ಯಾರೂ ಬಾಯಿ ತೆರೆಯಲಿಲ್ಲ. ಬಹಳ ಹೊತ್ತು. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಎಲ್ಲರ ತಲೆಯಲ್ಲೂ ಒಂದೇ ಇತ್ತು ಅಂತ ಆಮೇಲೆ ಗೊತ್ತಾಯಿತು. ನಮಗೆ ಕಿಡ್ನಿ ಸಿಗಬೇಕು ಅಂದರೆ ಎಲ್ಲೋ ಒಂದು ಮನೆಯಲ್ಲಿ ಸಾವಾಗಬೇಕು. ಅದನ್ನು ದೇವರ ಹತ್ತಿರ ಹೇಗೆ ಕೇಳೋದು?

ಕೊನೆಗೆ ಅಜ್ಜಿಯೇ ಮಾತಾಡಿದರು. ಅವರ ಪ್ರಾರ್ಥನೆ ನನಗೆ ಹಾಗೇ ನೆನಪಿದೆ. "ಸ್ವಾಮಿ, ಯಾರ್ದರ ಸಾವು ಕೊಡು ಅಂತ ನಾವು ಕೇಳಂಗಿಲ್ಲ. ಸಾವು ಬರೂದು ನಿನಗ ಗೊತ್ತು. ಯಾರ ಮನಿಗೆ ಆ ದುಃಖ ಬರ್ತೈತೋ, ಆ ಮನಿಗೆ ನಮಕಿಂತ ಮೊದ್ಲ ನೀ ಹೋಗು. ಅವರ ಅವ್ವನ ಬಾಜೂಕ ಕುಂದ್ರು. ಅವರು ಅಳೂ ಹೊತ್ತಿನ್ಯಾಗ ಕೊಡೂ ಮನಸ್ಸು ಮಾಡಿದ್ರ, ಆ ಮನಸ್ಸು ನಮ್ಮ ಹುಡುಗನ ತನಕ ಮುಟ್ಲಿ."

ರೈಲ್ವೆ ಅಣ್ಣ ಕಣ್ಣೊರೆಸಿಕೊಂಡು ನೋಟ್‌ಬುಕ್ಕಿನಲ್ಲಿ ಹೊಸ ಸಾಲು ಬರೆದರು. "ಹೆಸರು ಗೊತ್ತಿಲ್ಲದ ಮನೆ." ಅಂದಿನಿಂದ ಪ್ರತಿ ವಾರ ನನ್ನ ತಮ್ಮನಿಗಿಂತ ಮೊದಲು ಆ ಮನೆಗಾಗಿ ಪ್ರಾರ್ಥನೆ. ಆ ಮನೆಯಲ್ಲಿ ಎಷ್ಟು ಜನ, ಯಾವ ಊರು, ಯಾವ ದೇವರನ್ನು ನಂಬುತ್ತಾರೆ, ಏನೂ ಗೊತ್ತಿಲ್ಲ. ಸ್ಕೂಟರ್ ಮೇಲೆ ಹೋಗುವ ಹುಡುಗರಿಗೆ ಹೆಲ್ಮೆಟ್ ಹಾಕಿಕೊಳ್ಳುವ ಬುದ್ಧಿ ಕೊಡು ಅಂತ ಐಟಿಐ ಹುಡುಗ ಒಮ್ಮೆ ಸೇರಿಸಿದ. ಯೋಚಿಸಿ, ಅಂಥ ಪ್ರಾರ್ಥನೆ ಈಡೇರಿದರೆ ನಮ್ಮ ಕಾಯುವಿಕೆ ಇನ್ನೂ ಉದ್ದ ಆಗುತ್ತದೆ. ನಾನು ಮನಸ್ಸು ಬಿಚ್ಚಿ ಆಮೆನ್ ಅಂದೆ. ಅಲ್ಲಿಯ ತನಕ ನಾನು ಮಾಡಿದ ಪ್ರಾರ್ಥನೆಗಳಲ್ಲಿ ಕಷ್ಟದ ಆಮೆನ್ ಅದು.

2024ರ ಜೂನ್. ರಾತ್ರಿ 11.40ಕ್ಕೆ ಫೋನ್ ಬಂತು. ಹುಬ್ಬಳ್ಳಿಗೆ ಕೂಡಲೇ ಬನ್ನಿ, ಒಂದು ಕಿಡ್ನಿ ಇದೆ, ಪಟ್ಟಿಯಲ್ಲಿ ಇನ್ನೂ ಇಬ್ಬರನ್ನು ಕರೆದಿದ್ದೇವೆ, ಊಟ ನೀರು ಏನೂ ಕೊಡಬೇಡಿ. ರೈಲ್ವೆ ಅಣ್ಣ ಗಾಡಿ ತಂದರು. ಕಾರಿನಲ್ಲಿ ಕೂತು ನಾನು ಕೂಟದ ವಾಟ್ಸಾಪ್‌ಗೆ ಒಂದು ಸಾಲು ಹಾಕಿದೆ. ಐದು ನಿಮಿಷದಲ್ಲಿ ಅವರವರೇ ತಾಸು ಹಂಚಿಕೊಂಡಿದ್ದರು. ಹನ್ನೆರಡರಿಂದ ಒಂದು ಕಾಕಾ, ಒಂದರಿಂದ ಎರಡು ಕಾಕು, ಹೀಗೆ. ಜರ್ಮನಿಯ ಹೆರ್ನ್‌ಹುಟ್ ಅನ್ನೋ ಊರಲ್ಲಿ 1727ರಲ್ಲಿ ಮೊರಾವಿಯನ್ ಸಭೆಯವರು ಹೀಗೇ ತಾಸು ಹಂಚಿಕೊಂಡು ಶುರು ಮಾಡಿದ ಪ್ರಾರ್ಥನೆ ನೂರು ವರ್ಷಕ್ಕೂ ಜಾಸ್ತಿ ನಡೆಯಿತು ಅಂತ ಸಭಾಪಾಲಕರು ಒಮ್ಮೆ ಹೇಳಿದ್ದರು. ನಮ್ಮದು ಒಂದು ರಾತ್ರಿಯದು. ಅಜ್ಜಿಗೆ ಫೋನಿಲ್ಲ. ಹುಡುಗ ಅವರ ಮನೆಗೆ ಹೋಗಿ ಬಾಗಿಲು ತಟ್ಟಿ ಎಬ್ಬಿಸಿದ. ನಡುರಾತ್ರಿ. ಅಜ್ಜಿ ಮೂರರಿಂದ ನಾಲ್ಕು ತಗೊಂಡರು.

ಬೆಳಗಿನ ಜಾವ ಐದಕ್ಕೆ ಡಾಕ್ಟರು ಹೊರಗೆ ಬಂದರು. ಕ್ರಾಸ್‌ಮ್ಯಾಚ್ ಪಾಸಿಟಿವ್. ಅಂದರೆ ತಮ್ಮನ ರಕ್ತ ಆ ಕಿಡ್ನಿಯನ್ನು ಒಪ್ಪಲ್ಲ. ಅದು ಇನ್ನೊಬ್ಬರಿಗೆ ಹೋಗುತ್ತದೆ.

ತಮ್ಮ ಮಂಚದ ಮೇಲೆ ಕೂತಿದ್ದ. ನನ್ನನ್ನು ನೋಡಿ, "ಯಾರಿಗ್ಯರ ಸಿಕ್ತಲ್ಲ ಬಿಡಕ್ಕಾ" ಅಂದ. ಆಮೇಲೆ, "ಆ ಮನಿಯವರಿಗೆ ಈಗ ಹ್ಯಾಂಗ ಆಗಿರಬೇಕು" ಅಂದ. ಕೂಟದಲ್ಲಿ ನಾವು ಆ ಮನೆಗಾಗಿ ಪ್ರಾರ್ಥಿಸೋದು ಅವನಿಗೆ ಗೊತ್ತಿತ್ತು. ಅವನು ಕೂಟಕ್ಕೆ ಬರುತ್ತಿರಲಿಲ್ಲ. ಚರ್ಚಿಗೂ ಹಬ್ಬಕ್ಕೆ ಮಾತ್ರ.

ನಾನು ಅವನಷ್ಟು ದೊಡ್ಡವಳಲ್ಲ. ಮುಂದಿನ ವಾರ ನಾನು ಸಿಟ್ಟಿನಿಂದ ಪ್ರಾರ್ಥಿಸಿದೆ. "ಬಾಗಿಲು ತೆಗೆದು ಮತ್ಯಾಕ ಹಾಕ್ಕೊಂಡಿ?" ಅಂತ ಕೇಳಿದೆ. ದೇವರಿಗೆ ಹಾಗೆ ಕೇಳಬಹುದಾ ಅಂತ ಹೆದರಿಕೆಯೂ ಆಯಿತು. ಯಾರೂ ನನ್ನನ್ನು ತಡೆಯಲಿಲ್ಲ. ಕಾಕಾ ಕೀರ್ತನೆ 13 ತೆಗೆದು ಓದಿದರು. ಎರಡೇ ವಚನದಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಅನ್ನೋ ಕೂಗು ಇದೆ ಅದರಲ್ಲಿ. ಸತ್ಯವೇದದೊಳಗೇ ಇದೆ. ಓದಿ ಮುಗಿಸಿ ಕಾಕಾ ಪುಸ್ತಕ ಮುಚ್ಚಲಿಲ್ಲ, ಹಾಗೇ ನನ್ನ ಕಡೆ ತಿರುಗಿಸಿ ಇಟ್ಟರು.

ಆವತ್ತೇ ಇನ್ನೊಂದು ತೀರ್ಮಾನ ಆಯಿತು. ಗುರುವಾರ ಡಯಾಲಿಸಿಸ್ ಇರೋದರಿಂದ ತಮ್ಮ ಬರಬೇಕು ಅಂದರೂ ಬರೋಕಾಗಲ್ಲ, ಕೂಟವನ್ನು ಶುಕ್ರವಾರಕ್ಕೆ ಹಾಕೋಣ ಅಂದರು ಕಾಕು. ಅವನು ಬರ್ತೀನಿ ಅಂತ ಹೇಳಿರಲೇ ಇಲ್ಲ. ಆದರೂ ಬದಲಾಯಿಸಿದೆವು. ಐದು ತಿಂಗಳು ಶುಕ್ರವಾರ ಅವನಿಲ್ಲದೇ ಕೂಡಿದೆವು.

ನವೆಂಬರಿನಲ್ಲಿ ಅಜ್ಜಿ ತೀರಿಕೊಂಡರು. ನಿದ್ದೆಯಲ್ಲೇ. ಬೆಳಿಗ್ಗೆ ಆರಕ್ಕೆ ಅವರ ಮಗ ನನಗೆ ಫೋನ್ ಮಾಡಿದ. ನಾನೂ ನರ್ಸ್ ಅಕ್ಕನೂ ಓಡಿದೆವು. ಅಕ್ಕ ಒಳಗೆ ಕಾಲಿಟ್ಟವರೇ, "ಫ್ಯಾನ್ ಬಂದ್ ಮಾಡು" ಅಂದರು ನನಗೆ. ನನಗೆ ಅರ್ಥ ಆಗಲಿಲ್ಲ. ಅಜ್ಜಿ ಅಕ್ಕನ ಹತ್ತಿರ ಮೊದಲೇ ಹೇಳಿಟ್ಟಿದ್ದರಂತೆ, "ಅಪ್ಪು ಕಣ್ಣು ಕೊಟ್ಟಾನಲ್ಲ, ಹಂಗ ನಂದೂ ಕೊಡ್ರಿ. ಕಿಡ್ನಿ ನಮ್ಮಂಥಾ ಮುದುಕರದು ಬ್ಯಾಡಂತಾರ, ಕಣ್ಣರ ಆಗ್ತಾವಲ್ಲ" ಅಂತ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ನಾಲ್ಕು ಜನರಿಗೆ ಬೆಳಕು ಕೊಟ್ಟದ್ದನ್ನು ಅವರು ಟಿವಿಯಲ್ಲಿ ನೋಡಿದ್ದರು. ಕಣ್ಣಿಗೆ ವಯಸ್ಸಿನ ಲೆಕ್ಕ ಅಷ್ಟಾಗಿ ಇಲ್ಲ. ಆದರೆ ಆರು ತಾಸಿನೊಳಗೆ ಆಗಬೇಕು. ಫ್ಯಾನಿನ ಗಾಳಿಗೆ ಕಣ್ಣು ಒಣಗುತ್ತದೆ. ಅದಕ್ಕೇ ಬಂದ್ ಮಾಡೋದು. ತಲೆ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿದೆವು. ರೆಪ್ಪೆ ಮುಚ್ಚಿ, ಹತ್ತಿ ಒದ್ದೆ ಮಾಡಿ ಮೇಲೆ ಇಟ್ಟೆ. ನನ್ನ ಕೈಯಿಂದಲೇ.

ನೇತ್ರ ಭಂಡಾರದವರು ಬಂದರು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಅವರು ಒಳಗಿದ್ದಾಗ ಅಜ್ಜಿಯ ಮಗ ಹೊರಗೆ ಕಟ್ಟೆ ಮೇಲೆ ಕೂತಿದ್ದ. ನಾನು ಅವನ ಪಕ್ಕ ಹೋಗಿ ಕೂತೆ. ಕೂತ ಮೇಲೆ ಹೊಳೆಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ನಾವು ಪ್ರತಿ ವಾರ ಪ್ರಾರ್ಥಿಸಿದ ಮನೆ ಇಂಥದ್ದೇ. ಎಲ್ಲೋ ಇಬ್ಬರಿಗೆ ಈಗ ನಮ್ಮ ಅಜ್ಜಿಯ ಮನೆ ಹೆಸರು ಗೊತ್ತಿಲ್ಲದ ಮನೆ.

ಮಣ್ಣು ಮಾಡಿ ಬಂದ ಮೇಲಿನ ಶುಕ್ರವಾರ ಕೂಟ ಅಜ್ಜಿಯ ಮನೆಯಲ್ಲೇ ಇಟ್ಟುಕೊಂಡೆವು. ಎಲ್ಲರೂ ಸೇರಿ ಒಂದು ಹಾಡು ಹೇಳೋಕೆ ಹೋದೆವು, ಅರ್ಧಕ್ಕೇ ನಿಂತಿತು. ನೋಟ್‌ಬುಕ್ ತೆರೆದು ಹುಡುಗ ಓದಿದ. "ಹೆಸರು ಗೊತ್ತಿಲ್ಲದ ಮನೆ." ಯಾವಾಗಲೂ ಅಜ್ಜಿಯೇ ಶುರು ಮಾಡುತ್ತಿದ್ದ ಪ್ರಾರ್ಥನೆ ಅದು. ಯಾರು ಶುರು ಮಾಡಬೇಕು ಅಂತ ತಿಳಿಯದೆ ಕೂತಿದ್ದೆವು. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದು. ತಮ್ಮ ಒಳಗೆ ಬಂದ. ತುಂಬು ತೋಳಿನ ಅಂಗಿ, ಎಡಗೈ ಎದೆಗೆ ಒತ್ತಿಕೊಂಡು. ಬಾಗಿಲ ಹತ್ತಿರವೇ ಚಾಪೆ ಮೇಲೆ ಕೂತ. ಯಾರೂ ಏನೂ ಅನ್ನಲಿಲ್ಲ. ಕಾಕು ಸ್ವಲ್ಪ ಸರಿದು ಜಾಗ ಮಾಡಿದರು.

ಅವನೇ ಶುರು ಮಾಡಿದ. ಕಣ್ಣು ಮುಚ್ಚದೆ.

"ಸ್ವಾಮಿ, ನನಗ ಪ್ರಾರ್ಥನಾ ಮಾಡಾಕ ಬರಂಗಿಲ್ಲ. ಯಾರ ಮನ್ಯಾಗರ ದುಃಖ ಆದ್ರ ನೀ ಅಲ್ಲಿ ಮೊದ್ಲ ಹೋಗು, ಅಜ್ಜಿ ಹೇಳಿದಂಗ. ಆಮ್ಯಾಲ ನನಗೊಂದು ಕಿಡ್ನಿ ಬೇಕು. ಓ ಗುಂಪಿಂದು. ಹ್ವಾದ ವಾರಾನೂ ಇವರು ಕೇಳ್ಯಾರ. ಈ ವಾರ ನಾನಽ ಕೇಳಾಕ ಬಂದೀನಿ."

ಚಹಾ ಬಂದಾಗ ಎಲ್ಲರೂ ಅರ್ಧ ಅರ್ಧ ಕಪ್ಪು ತಗೊಂಡರು. ಅವನಿಗೆ ಕೊಡುವಷ್ಟೇ. ಯಾರು ಯಾರಿಗೂ ಹೇಳಿರಲಿಲ್ಲ. ಈಗಲೂ ಹಾಗೇ ನಡೆದಿದೆ.

ಅವನು ಇನ್ನೂ ಪಟ್ಟಿಯಲ್ಲಿದ್ದಾನೆ. ಮಂಗಳವಾರ, ಗುರುವಾರ, ಶನಿವಾರ ನಾಲ್ಕು ನಾಲ್ಕು ತಾಸು. ಮಗ್ಗ ನಡೆದಿದೆ. ಮಗಳು ದೊಡ್ಡವಳಾಗುತ್ತಿದ್ದಾಳೆ, ಅಪ್ಪನ ನೀರಿನ ಲೆಕ್ಕ ಈಗ ಅವಳೇ ಬರೆದಿಡುತ್ತಾಳೆ. ಅವನು ಶುಕ್ರವಾರ ತಪ್ಪಿಸೋದು ಅಪರೂಪ. ಬಂದಾಗ ತನಗಿಂತ ಮೊದಲು ಬೇರೆಯವರದನ್ನು ಕೇಳುತ್ತಾನೆ, ಡಯಾಲಿಸಿಸ್ ವಾರ್ಡಿನ ಪಕ್ಕದ ಮಂಚದವರ ಹೆಸರೆಲ್ಲ ತರುತ್ತಾನೆ. ಹಾಗಾಗಿ ನಮ್ಮ ಪಟ್ಟಿ ಉದ್ದ ಆಗಿದೆ.

ನಾಳೆ ಶುಕ್ರವಾರ. ಕೂಟ ನಮ್ಮ ಮನೆಯಲ್ಲಿ. ಎರಡನೇ ನೋಟ್‌ಬುಕ್ ತುಂಬಿತು, ಮೂರನೇದು ಇವತ್ತು ತಂದೆ. ಮೊದಲ ಪುಟದಲ್ಲಿ ಗೆರೆ ಹಾಕಿ, ತಾರೀಕು ಬರೆದು, ಎರಡು ಸಾಲು ತುಂಬಿದ್ದೇನೆ. ಮೊದಲನೆಯದು ಹೆಸರು ಗೊತ್ತಿಲ್ಲದ ಮನೆ. ಎರಡನೆಯದು ನನ್ನ ತಮ್ಮ.